ಮಳೆಗಾಲದ ಖಿನ್ನತೆಗೆ ನ್ಯೂರೋಫೀಡ್‌ಬ್ಯಾಕ್: ಪತ್ತನಾಜೆಯಿಂದ ಸೋಣದವರೆಗೆ

ಮೇ ಕೊನೆಯ ವಾರ ಬರುವ ತುಳುನಾಡಿನ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಕರಾವಳಿಯ ಸದ್ದು ತಗ್ಗುತ್ತದೆ. ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುತ್ತದೆ, ಕೋಲ-ನೇಮಗಳು ನಿಲ್ಲುತ್ತವೆ, ಜೂನ್ 1ರಿಂದ ಮಲ್ಪೆಯಲ್ಲೂ ಮಂಗಳೂರಿನ ದಕ್ಕೆಯಲ್ಲೂ ಯಾಂತ್ರಿಕ ದೋಣಿಗಳು ಸಾಲಾಗಿ ಲಂಗರು ಹಾಕುತ್ತವೆ. ಮತ್ತೆ ಮಳೆ. ಕೆಲವರಿಗೆ ಆಗಲೇ ಶುರು: ಬೆಳಿಗ್ಗೆ ಏಳಲಾಗದು, ಹತ್ತು ಗಂಟೆ ನಿದ್ದೆ ಮಾಡಿದರೂ ಮೈ ಹಗುರಾಗದು, ಅನ್ನ, ಹಪ್ಪಳ, ಸಿಹಿ ಎಷ್ಟು ತಿಂದರೂ ಸಾಲದು, ಯಾರೊಂದಿಗೂ ಮಾತು ಬೇಡ. ಮನೆಯವರು ಅದಕ್ಕೆ ‘ಉದಾಸೀನ’ ಎಂದು ಹೆಸರಿಟ್ಟು ಬಿಟ್ಟುಬಿಡುತ್ತಾರೆ. ಪ್ರತಿ ವರ್ಷ ಅದೇ ಹೊತ್ತಿಗೆ ಬಂದು ನವರಾತ್ರಿಯ ಹೊತ್ತಿಗೆ ತಾನಾಗಿ ಸರಿಯುವ ಈ ಭಾರ ಉದಾಸೀನ ಅಲ್ಲ. ಅದಕ್ಕೆ ಚಿಕಿತ್ಸೆ ಇದೆ.

ಮಿದುಳಿನ ಅಲೆಗಳನ್ನು ಅಳೆದು, ಅದೇ ಕ್ಷಣ ಸ್ವರವಾಗಿ ಕೇಳಿಸಿ, ಬೇಕಾದ ಕಡೆಗೆ ತಿರುಗಿಸಲು ಕಲಿಸುವ ನ್ಯೂರೋಫೀಡ್‌ಬ್ಯಾಕ್ ಆ ಚಿಕಿತ್ಸೆಯ ಒಂದು ಸಹಾಯಕ ಭಾಗ. ಅದನ್ನು ನಮ್ಮ ಊರಿನ ಸೆಕೆ, ಮಳೆ, ತಲೆಗೆಣ್ಣೆ, ಕರೆಂಟಿನ ನಡುವೆ ಸರಿಯಾಗಿ ಮಾಡುವುದು ಹೇಗೆ ಎಂಬುದು ಇಲ್ಲಿದೆ.

ಮೊದಲು: ಇದು ಋತುಮಾನದ ಖಿನ್ನತೆಯೇ?

ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು 1984ರಲ್ಲಿ ಅಮೆರಿಕದಲ್ಲಿ ಈ ಸ್ಥಿತಿಯನ್ನು ವಿವರಿಸಿದ್ದು ಅಲ್ಲಿನ ಚಳಿಗಾಲ ನೋಡಿ. ಅಲ್ಲಿ ಹಗಲೇ ಕಿರಿದಾಗುತ್ತದೆ. ಮಂಗಳೂರು, ಉಡುಪಿ ಇರುವುದು ಉತ್ತರ ಅಕ್ಷಾಂಶ ಸುಮಾರು 13 ಡಿಗ್ರಿಯಲ್ಲಿ. ಇಲ್ಲಿನ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಸುಮಾರು ಒಂದೂವರೆ ಗಂಟೆಯ ವ್ಯತ್ಯಾಸ ಮಾತ್ರ, ಅದೂ ದೊಡ್ಡ ಹಗಲು ಬರುವುದು ಮಳೆಗಾಲದಲ್ಲೇ. ನಾವು ಕಳೆದುಕೊಳ್ಳುವುದು ಹಗಲಿನ ಉದ್ದವನ್ನಲ್ಲ, ಅದರ ಹೊಳಪನ್ನು, ಜೊತೆಗೆ ಹೊರಗಿನ ಓಡಾಟವನ್ನು. ಹಾಗಾಗಿ ಚಳಿಗಾಲದ ಸಂಶೋಧನೆಯನ್ನು ಇಲ್ಲಿಗೆ ಹಾಗೆಯೇ ತಂದು ಅಂಟಿಸಬಾರದು.

ವೈದ್ಯರ ಲೆಕ್ಕದಲ್ಲಿ ‘ಋತುಮಾನದ ವಿನ್ಯಾಸ’ ಎನ್ನಬೇಕಾದರೆ ಖಿನ್ನತೆ ಸತತ ಎರಡು ವರ್ಷ ಅದೇ ಕಾಲಕ್ಕೆ ಬಂದಿರಬೇಕು, ಉಳಿದ ಕಾಲದಲ್ಲಿ ಪೂರ್ತಿ ಬಿಟ್ಟಿರಬೇಕು. ಇನ್ನೊಂದು ಷರತ್ತು ನಮ್ಮ ಕಡೆ ತುಂಬ ಮುಖ್ಯ: ಆ ಕಾಲದಲ್ಲಿ ಮಾತ್ರ ಕೆಲಸ ಇಲ್ಲದಿರುವುದರಂಥ ಕಾರಣ ಕಣ್ಣೆದುರೇ ಇದ್ದರೆ ಅದನ್ನು ಈ ಗುಂಪಿಗೆ ಸೇರಿಸುವುದಿಲ್ಲ. ಮೀನುಗಾರಿಕೆ ನಿಷೇಧದ 61 ದಿನ ಸಾಲದ ಕಂತು ಹೇಗೆ ಕಟ್ಟಲಿ ಎಂದು ಕುಗ್ಗಿದವನಿಗೆ ಮಿದುಳಿನ ಅಲೆಯ ತರಬೇತಿ ಉತ್ತರವಲ್ಲ.

ಮನೋವೈದ್ಯರನ್ನು ಕಾಣುವಾಗ ಥೈರಾಯ್ಡ್, ಹಿಮೋಗ್ಲೋಬಿನ್, ವಿಟಮಿನ್ ಬಿ12, ವಿಟಮಿನ್ ಡಿ ಪರೀಕ್ಷೆಗಳ ಬಗ್ಗೆ ಕೇಳಿ. ಮಳೆಗಾಲ ಡೆಂಗಿ, ಮಲೇರಿಯಾ, ಇಲಿಜ್ವರದ ಕಾಲವೂ ಹೌದು. ಜ್ವರ ಬಿಟ್ಟ ಮೇಲೆ ವಾರಗಟ್ಟಲೆ ಉಳಿಯುವ ಸುಸ್ತು ಖಿನ್ನತೆಯ ಹಾಗೆಯೇ ಕಾಣುತ್ತದೆ. ಹಿಂದೆ ಎಂದಾದರೂ ನಿದ್ದೆಯೇ ಬೇಡದಷ್ಟು ಹುರುಪು, ಮಿತಿ ಮೀರಿದ ಖರ್ಚು, ನಿಲ್ಲದ ಮಾತು ಇದ್ದಿದ್ದರೆ ಮರೆಯದೆ ಹೇಳಿ. ಬೈಪೋಲಾರ್ ಇರುವವರಿಗೆ ಬೆಳಕಿನ ಚಿಕಿತ್ಸೆಯೂ ಖಿನ್ನತೆ ನಿವಾರಕ ಮಾತ್ರೆಯೂ ಉನ್ಮಾದ ಎಬ್ಬಿಸಬಹುದು. ಫಿಟ್ಸ್ ಇದ್ದವರು ನರರೋಗ ತಜ್ಞರ ಒಪ್ಪಿಗೆ ಇಲ್ಲದೆ ನ್ಯೂರೋಫೀಡ್‌ಬ್ಯಾಕ್‌ಗೆ ಕೂರಬಾರದು.

ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ತುಂಬಿಸಿ. ಒಟ್ಟು ಅಂಕ 0ರಿಂದ 27. 10 ಮುಟ್ಟಿದರೆ ಮಧ್ಯಮ, 15 ಮುಟ್ಟಿದರೆ ಸಾಕಷ್ಟು ತೀವ್ರ, 20 ಮುಟ್ಟಿದರೆ ತೀವ್ರ. ಒಂಬತ್ತನೆಯ ಪ್ರಶ್ನೆ ಬದುಕು ಬೇಡವೆನ್ನಿಸುವುದರ ಬಗ್ಗೆ. ಅಲ್ಲಿ ಸೊನ್ನೆ ಬಿಟ್ಟು ಬೇರೆ ಯಾವ ಅಂಕ ಬಂದರೂ ತರಬೇತಿಯ ಮಾತು ಆಮೇಲೆ. ಮೊದಲು ಆಸ್ಪತ್ರೆಗೆ ಹೋಗಿ, ಅಥವಾ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಇದರಿಂದ ಎಷ್ಟು ನಿರೀಕ್ಷಿಸಬಹುದು

ಖಿನ್ನತೆಗೆ ಹೆಚ್ಚು ಬಳಸುವ ವಿಧಾನ ಮುಂದಲೆಯ ಎಡ-ಬಲ ಆಲ್ಫಾ ಸಮತೋಲದ್ದು. 8ರಿಂದ 12 ಹರ್ಟ್ಜ್‌ನ ಆಲ್ಫಾ ಅಲೆ ಹೆಚ್ಚಾಗಿರುವ ಜಾಗದಲ್ಲಿ ಮಿದುಳಿನ ಚಟುವಟಿಕೆ ಕಡಿಮೆ ಎಂದು ಎಣಿಕೆ. ಎಡ ಮುಂಭಾಗ ಹುಮ್ಮಸ್ಸಿಗೆ, ಮುಂದೆ ಹೋಗಿ ಕೈ ಹಾಕುವ ಸ್ವಭಾವಕ್ಕೆ ಸಂಬಂಧಿಸಿದ್ದು ಎಂದು ರಿಚರ್ಡ್ ಡೇವಿಡ್‌ಸನ್ ಅವರ ಸಂಶೋಧನೆ ಹೇಳಿತು. ಎಡಗಡೆ ಆಲ್ಫಾ ಜಾಸ್ತಿ ಇದ್ದರೆ ಅದನ್ನು ಬಲಕ್ಕೆ ಹೋಲಿಸಿ ತಗ್ಗಿಸಲು ಕಲಿಸುವುದು ತರಬೇತಿಯ ಗುರಿ.

ಈ ವಿಚಾರದಲ್ಲಿ ನೇರವಾಗಿ ಮಾತಾಡಬೇಕು. ಈ ಎಡ-ಬಲ ವ್ಯತ್ಯಾಸ ಖಿನ್ನತೆ ಇರುವ ಎಲ್ಲರಲ್ಲೂ ಕಾಣುವುದಿಲ್ಲ, ಆದ್ದರಿಂದ ಅದನ್ನು ನೋಡಿ ರೋಗ ನಿರ್ಣಯ ಮಾಡಲಾಗದು. ಖಿನ್ನತೆಯ ಮೇಲಿನ ನ್ಯೂರೋಫೀಡ್‌ಬ್ಯಾಕ್ ಅಧ್ಯಯನಗಳಲ್ಲಿ ಹೆಚ್ಚಿನವು ಚಿಕ್ಕ ಗುಂಪುಗಳ ಮೇಲೆ ಮಾಡಿದಂಥವು. ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ), ನಿದ್ರಾಹೀನತೆಗಳಲ್ಲಿ ಹುಸಿ ಸಂಕೇತ ಕೊಟ್ಟು ಹೋಲಿಸಿದಾಗ ಅಸಲಿ, ಹುಸಿ ಎರಡೂ ಗುಂಪುಗಳು ಸರಿಸುಮಾರು ಒಂದೇ ಬಗೆಯಲ್ಲಿ ಸುಧಾರಿಸಿದ್ದೂ ಇದೆ. ಋತುಮಾನದ ಖಿನ್ನತೆಗೆ ಮೊದಲ ಸಾಲಿನಲ್ಲಿ ನಿಲ್ಲುವುದು ಬೆಳಕಿನ ಚಿಕಿತ್ಸೆ, ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಮತ್ತು ಔಷಧ. ಅವುಗಳ ಜೊತೆಗೆ, ಅಥವಾ ಅವು ಒಗ್ಗದಿದ್ದಾಗ ನ್ಯೂರೋಫೀಡ್‌ಬ್ಯಾಕ್. ‘ಮಾತ್ರೆ ಬಿಡಿ, ಇದೊಂದೇ ಸಾಕು’ ಎನ್ನುವ ಕಡೆಯಿಂದ ಎದ್ದು ಬನ್ನಿ.

ಯಾರ ಬಳಿ

ಮಾಡಿಸುವವರು ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಅಥವಾ ಮನೋವೈದ್ಯರು ಆಗಿರಲಿ. ನೋಂದಣಿ ಸಂಖ್ಯೆ ಕೇಳುವುದರಲ್ಲಿ ಸಂಕೋಚ ಬೇಡ. ಮಂಗಳೂರಿನ ವೆನ್‌ಲಾಕ್, ಮಣಿಪಾಲದ ಕೆಎಂಸಿಯಂಥ ಆಸ್ಪತ್ರೆಗಳ ಮನೋವೈದ್ಯ ವಿಭಾಗದಲ್ಲಿ ಮೊದಲು ತೋರಿಸಿ, ಈ ತರಬೇತಿ ಈಗ ಎಲ್ಲಿ ಸಿಗುತ್ತದೆ ಎಂದು ಅಲ್ಲೇ ವಿಚಾರಿಸಿ. ಮೂರು ಪ್ರಶ್ನೆ ಕೇಳಿ: ಯಾವ ಜಾಗಕ್ಕೆ ವಿದ್ಯುದ್ವಾರ (ಅಲೆ ಅಳೆಯಲು ತಲೆಗೆ ತಾಗಿಸುವ ಎಲೆಕ್ಟ್ರೋಡ್) ಇಡುತ್ತೀರಿ, ಏಕೆ? ಕಚ್ಚಾ ಅಲೆಯನ್ನು ನನಗೂ ತೋರಿಸುತ್ತೀರಾ? ಎಷ್ಟು ಅವಧಿಯ ನಂತರ ‘ಇದು ಕೆಲಸ ಮಾಡಲಿಲ್ಲ’ ಎಂದು ಒಪ್ಪುತ್ತೀರಿ? ಮೂರನೆಯದಕ್ಕೆ ಉತ್ತರ ಇಲ್ಲದವರಿಗೆ 40 ಅವಧಿಯ ಹಣ ಒಟ್ಟಿಗೆ ಕಟ್ಟಬೇಡಿ.

ಮನೆಯಲ್ಲಿ ಮಾಡುವ ಆಸೆ ಇದ್ದವರಿಗೆ: ಮ್ಯೂಸ್‌ನಂಥ ತಲೆಪಟ್ಟಿಯ ಒಣ ವಿದ್ಯುದ್ವಾರಗಳು ಹಣೆಯ ಮೇಲೂ ಕಿವಿಯ ಹಿಂದೂ ಕೂರುತ್ತವೆ, ನಮಗೆ ಬೇಕಾದ ಎಫ್3, ಎಫ್4 ಜಾಗದಲ್ಲಲ್ಲ (ಮುಂದಲೆಯ ಎಡ, ಬಲ ಬಿಂದುಗಳು, ಅಳೆಯುವ ಕ್ರಮ ಕೆಳಗಿದೆ). ಹಣೆಯ ಸ್ನಾಯು ಸ್ವಲ್ಪ ಬಿಗಿಯಾದರೂ ಅಲೆ ಕೆಡುತ್ತದೆ. ಧ್ಯಾನದ ಅಭ್ಯಾಸಕ್ಕೆ ಅದು ಸರಿ, ಈ ತರಬೇತಿಗೆ ಸಾಲದು. ನಾಲ್ಕು ಚಾನೆಲ್‌ನ ಓಪನ್‌ಬಿಸಿಐ ಗ್ಯಾಂಗ್ಲಿಯನ್‌ನಂಥ ಬೋರ್ಡ್ ಮತ್ತು ಉಚಿತವಾಗಿ ಸಿಗುವ ಓಪನ್‌ವೈಬ್ ತಂತ್ರಾಂಶದಿಂದ ತಾಂತ್ರಿಕವಾಗಿ ಸಾಧ್ಯ, ಆದರೆ ಅವು ವೈದ್ಯಕೀಯ ಉಪಕರಣಗಳಲ್ಲ. ತಜ್ಞರ ಬಳಿ ಹತ್ತಾರು ಅವಧಿ ಮುಗಿಸಿ, ಅವರ ಉಸ್ತುವಾರಿಯಲ್ಲೇ ಮನೆಗೆ ತರುವುದು ಸರಿಯಾದ ದಾರಿ.

ಯಾವಾಗ ಶುರು

ಆಟಿ ತಿಂಗಳು (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯ) ಬಂದು ಮನಸ್ಸು ಪೂರ್ತಿ ಕುಸಿದ ಮೇಲೆ ವಾರಕ್ಕೆರಡು ಸಲ ಮಳೆಯಲ್ಲಿ ಹೊರಟು ಕ್ಲಿನಿಕ್‌ಗೆ ಹೋಗುವ ತ್ರಾಣವೇ ಇರುವುದಿಲ್ಲ. ಅರ್ಧಕ್ಕೆ ಬಿಟ್ಟುಬಿಡುವ ಸಂಭವ ಆಗ ಜಾಸ್ತಿ. ಮೇ ಮೊದಲ ವಾರದಲ್ಲಿ ಆರಂಭದ ಅಳತೆ ಮಾಡಿಸಿ, ವಾರಕ್ಕೆ 2ರಿಂದ 3 ಅವಧಿಯಂತೆ ನಡೆಸಿದರೆ ಕಾರ್ತೆಲ್ ಮುಗಿಯುವ ಮೊದಲೇ, ಅಂದರೆ ಜುಲೈ ಮಧ್ಯದೊಳಗೆ, 20 ಅವಧಿ ಆಗಿರುತ್ತದೆ. ಆಟಿಯಲ್ಲಿ ಮತ್ತು ಅದರ ಮುಂದಿನ ಸೋಣ ತಿಂಗಳಲ್ಲಿ ವಾರಕ್ಕೆ ಒಂದು ಸಾಕು. ಪೂರ್ತಿ ತರಬೇತಿ ಸಾಮಾನ್ಯವಾಗಿ 20ರಿಂದ 40 ಅವಧಿ. ಒಂದೊಂದು ಅವಧಿ ತಯಾರಿ ಸೇರಿ 50 ನಿಮಿಷದಿಂದ ಒಂದು ಗಂಟೆ, ಅದರಲ್ಲಿ ನಿಜವಾದ ತರಬೇತಿ 20ರಿಂದ 25 ನಿಮಿಷ.

ಹೊತ್ತು ಬೆಳಿಗ್ಗೆ 9ರಿಂದ 11ರ ನಡುವೆ ಇರಲಿ, ಪ್ರತಿ ಸಲವೂ ಅದೇ ಹೊತ್ತು. ಮಧ್ಯಾಹ್ನ ಕುಚ್ಚಲಕ್ಕಿ ಊಟ ಮಾಡಿ ಬಂದು ಕಣ್ಣು ಮುಚ್ಚಿ ಕೂತರೆ ಹತ್ತು ನಿಮಿಷದಲ್ಲಿ ತೂಕಡಿಕೆ. ಆಗ ಆಲ್ಫಾ ಕರಗಿ 4ರಿಂದ 8 ಹರ್ಟ್ಜ್‌ನ ಥೀಟಾ ಏರುತ್ತದೆ, ನೀವು ತರಬೇತಿ ಕೊಡುವುದು ನಿದ್ದೆಗೆ. ಅವಧಿಗೆ ಎರಡು ಗಂಟೆ ಮೊದಲಿನಿಂದ ಕಾಫಿ, ಚಹಾ ಬೇಡ. ಕೆಫೀನ್ ಆಲ್ಫಾವನ್ನು ತಗ್ಗಿಸುತ್ತದೆ. ಮಾತ್ರೆಗಳನ್ನು ಮಾತ್ರ ಎಂದಿನಂತೆ ತೆಗೆದುಕೊಳ್ಳಿ, ಯಾವುದು ಎಂದು ತಿಳಿಸಿ. ನಿದ್ದೆಗೆ, ಆತಂಕಕ್ಕೆ ಕೊಡುವ ಕೆಲವು ಮಾತ್ರೆಗಳು ಆಲ್ಫಾಕ್ಕಿಂತ ವೇಗದ ಬೀಟಾ ಅಲೆಯನ್ನು ಎತ್ತರಿಸುವುದರಿಂದ ಅದು ಗೊತ್ತಿರಬೇಕು.

ತಲೆಯ ತಯಾರಿ

ಕರಾವಳಿಯಲ್ಲಿ ಅಳತೆ ಕೆಡುವ ಮೊದಲ ಕಾರಣ ತೆಂಗಿನೆಣ್ಣೆ. ಎಣ್ಣೆ ವಿದ್ಯುತ್ತನ್ನು ಹಾಯಲು ಬಿಡುವುದಿಲ್ಲ. ಹಿಂದಿನ ರಾತ್ರಿ ಶಾಂಪೂ ಹಾಕಿ ಎರಡು ಸಲ ತೊಳೆಯಿರಿ, ಕಂಡೀಷನರ್ ಬೇಡ. ಬೆಳಿಗ್ಗೆ ತೊಳೆದರೆ ಜುಲೈಯಲ್ಲಿ ಕೂದಲು ಒಣಗುವುದಿಲ್ಲ, ಒದ್ದೆ ಕೂದಲಲ್ಲಿ ಒಂದು ವಿದ್ಯುದ್ವಾರದಿಂದ ಇನ್ನೊಂದಕ್ಕೆ ನೀರಿನ ಸೇತುವೆ ಕಟ್ಟಿಕೊಳ್ಳುತ್ತದೆ. ಮಲ್ಲಿಗೆ ಮುಡಿದಿದ್ದರೆ ತೆಗೆದಿಡಿ. ಕಿವಿಯ ತುದಿಗೆ ಕ್ಲಿಪ್ ಬರುವುದರಿಂದ ಬೆಂಡೋಲೆಯನ್ನೂ ಬಿಚ್ಚಬೇಕಾಗುತ್ತದೆ.

ಜಾಗ ಅಳೆಯುವುದು

1958ರಿಂದ ಬಳಕೆಯಲ್ಲಿರುವ 10-20 ಪದ್ಧತಿ ತಲೆಯನ್ನು ಸೆಂಟಿಮೀಟರ್‌ನಲ್ಲಲ್ಲ, ಶೇಕಡಾದಲ್ಲಿ ಅಳೆಯುತ್ತದೆ. ಅದಕ್ಕೇ ಪ್ರತಿಯೊಬ್ಬರ ತಲೆಗೂ ಟೇಪ್ ಹಿಡಿಯಬೇಕು.

1. ಹುಬ್ಬುಗಳ ನಡುವೆ ಮೂಗಿನ ಬುಡದ ತಗ್ಗಿನಿಂದ ಹಿಂದಲೆಯ ಉಬ್ಬು ಮೂಳೆಯವರೆಗೆ ಟೇಪ್ ಹಿಡಿಯಿರಿ. 36 ಸೆಂ.ಮೀ. ಬಂತು ಎನ್ನೋಣ. ಮುಂದಿನಿಂದ 10 ಶೇಕಡಾ, 3.6 ಸೆಂ.ಮೀ.ನಲ್ಲಿ ಹಣೆಯ ಗುರುತು. 30 ಶೇಕಡಾ, 10.8 ಸೆಂ.ಮೀ.ನಲ್ಲಿ ಎಫ್‌ಝಡ್. ಅರ್ಧಕ್ಕೆ, 18 ಸೆಂ.ಮೀ.ನಲ್ಲಿ ಸಿಝಡ್.
2. ಎರಡು ಕಿವಿಗಳ ಮುಂದಿನ ಗುಳಿಯಿಂದ ಗುಳಿಗೆ ನೆತ್ತಿಯ ಮೇಲೆ ಹಾಯಿಸಿ ಅಳೆದು, ಸಿಝಡ್ ನಡುಮಧ್ಯದಲ್ಲೇ ಇದೆಯೇ ನೋಡಿ.
3. ಹಣೆಯ ಗುರುತಿನ ಮೇಲೆ ತಲೆಯ ಸುತ್ತಳತೆ ತೆಗೆಯಿರಿ. 56 ಸೆಂ.ಮೀ. ಆದರೆ ಅದರ 15 ಶೇಕಡಾ 8.4 ಸೆಂ.ಮೀ. ಹಣೆಯ ಗುರುತಿನಿಂದ ಎಡಕ್ಕೆ ಅಷ್ಟು ದೂರದಲ್ಲಿ ಎಫ್7, ಬಲಕ್ಕೆ ಅಷ್ಟೇ ದೂರದಲ್ಲಿ ಎಫ್8.
4. ಎಫ್7 ಮತ್ತು ಎಫ್‌ಝಡ್ ನಡುವಿನ ಮಧ್ಯಬಿಂದು ಎಫ್3. ಬಲಗಡೆ ಹಾಗೆಯೇ ಎಫ್4.

ಮೊದಲ ದಿನದ ಅಳತೆ ಬರೆದಿಟ್ಟುಕೊಂಡು ಪ್ರತಿ ಸಲ ಅದನ್ನೇ ಬಳಸಿ. ಎಡಕ್ಕೂ ಬಲಕ್ಕೂ ಒಂದು ಸೆಂಟಿಮೀಟರ್ ಹೆಚ್ಚುಕಮ್ಮಿಯಾದರೆ ನೀವು ನೋಡುವ ‘ಅಸಮತೋಲ’ ಟೇಪಿನದ್ದು, ಮಿದುಳಿನದ್ದಲ್ಲ.

ಸಂಪರ್ಕ ಮತ್ತು ಪರೀಕ್ಷೆ

ಕೂದಲನ್ನು ಬಾಚಣಿಗೆಯ ತುದಿಯಿಂದ ಸೀಳಿ, ನ್ಯೂಪ್ರೆಪ್‌ನಂಥ ಉಜ್ಜುವ ಜೆಲ್ಲನ್ನು ಹತ್ತಿಯ ಕಡ್ಡಿಯಲ್ಲಿ ತೆಗೆದುಕೊಂಡು ಮೃದುವಾಗಿ 15-20 ಸಲ ತಿಕ್ಕಿ. ಚರ್ಮ ತುಸು ಕೆಂಪಾದರೆ ಸಾಕು, ತರಚಬಾರದು. ವಿದ್ಯುದ್ವಾರದ ಬಟ್ಟಲಿಗೆ ಕಡಲೆಕಾಳಿನಷ್ಟು ವಾಹಕ ಪೇಸ್ಟ್ ಹಾಕಿ ಒತ್ತಿ. ಎಫ್3, ಎಫ್4 ಸಕ್ರಿಯ ಜಾಗಗಳು, ಸಿಝಡ್ ಹೋಲಿಕೆಯ ಜಾಗ, ಕಿವಿಯ ತುದಿಗೆ ಗ್ರೌಂಡ್. ಕೆಲವರು ಹೋಲಿಕೆಗೆ ಎರಡು ಕಿವಿಗಳನ್ನು ಜೋಡಿಸಿ ಬಳಸುತ್ತಾರೆ. ಯಾವುದಾದರೂ ಸರಿ, ನಡುವೆ ಬದಲಿಸಬೇಡಿ. ಬದಲಿಸಿದರೆ ಹಿಂದಿನ ಅಂಕಿಗಳೊಂದಿಗೆ ಹೋಲಿಕೆ ಆಗುವುದಿಲ್ಲ. ಚಿನ್ನದ ಲೇಪದ ವಿದ್ಯುದ್ವಾರವನ್ನೂ ಬೆಳ್ಳಿಯದನ್ನೂ ಬೆರೆಸಬೇಡಿ.

ಪ್ರತಿ ಜಾಗದ ಇಂಪೀಡೆನ್ಸ್ (ವಿದ್ಯುತ್ ಹರಿವಿಗೆ ಇರುವ ತಡೆ) 5 ಕಿಲೋ ಓಮ್‌ಗಿಂತ ಕಡಿಮೆ ಇರಲಿ, ಎಫ್3 ಮತ್ತು ಎಫ್4 ನಡುವಿನ ವ್ಯತ್ಯಾಸ ಒಂದೆರಡು ಕಿಲೋ ಓಮ್ ಮೀರದಿರಲಿ. ಎರಡು ಬದಿಗಳನ್ನು ತೂಗಿ ನೋಡುವ ಕೆಲಸ ಇದು. ಸಂಪರ್ಕ ಕೆಟ್ಟ ಕಡೆ ಗದ್ದಲ ಹೆಚ್ಚು, ಆ ಗದ್ದಲವೂ ಆಲ್ಫಾದ ಲೆಕ್ಕಕ್ಕೆ ಸೇರುತ್ತದೆ.

ಶುರು ಮಾಡುವ ಮೊದಲು ಮೂರು ಪರೀಕ್ಷೆ, ಒಂದನ್ನೂ ಬಿಡುವಂತಿಲ್ಲ. ಎಡಗಡೆಯ ವಿದ್ಯುದ್ವಾರವನ್ನು ಬೆರಳಿನಿಂದ ತಟ್ಟಿ: ಎಡ ಚಾನೆಲ್ ಕುಣಿಯಬೇಕು. ಬಲ ಚಾನೆಲ್ ಕುಣಿದರೆ ತಂತಿ ಅದಲುಬದಲಾಗಿದೆ, ಹಾಗೆಯೇ ಮುಂದುವರಿದರೆ ಬೇಡದ ದಿಕ್ಕಿಗೇ ತರಬೇತಿ ಕೊಟ್ಟಂತೆ. ಕಣ್ಣು ಮುಚ್ಚಿಸಿ: ಹ್ಯಾನ್ಸ್ ಬರ್ಗರ್ 1929ರಲ್ಲಿ ವರದಿ ಮಾಡಿದ ಹಾಗೆ ಆಲ್ಫಾ ಏರಬೇಕು. ಕೊನೆಗೆ ಎರಡು ಚಾನೆಲ್‌ಗಳ ಅಲೆ ಅಚ್ಚು ಹೊಡೆದಂತೆ ಒಂದೇ ತೆರ ಇದೆಯೇ ನೋಡಿ. ಇದ್ದರೆ ಪೇಸ್ಟ್ ಅಥವಾ ಬೆವರು ಹರಿದು ಎರಡೂ ಜಾಗಗಳನ್ನು ಸೇರಿಸಿದೆ. ಒರೆಸಿ ಮತ್ತೆ ಹಚ್ಚಿ.

ಫಿಲ್ಟರ್: ಕೆಳಗೆ 1 ಹರ್ಟ್ಜ್, ಮನೆಯ ಕರೆಂಟಿನ ಗದ್ದಲಕ್ಕೆ 50 ಹರ್ಟ್ಜ್ ನಾಚ್ (ಅದೊಂದೇ ಆವರ್ತನವನ್ನು ತೆಗೆಯುವ ಫಿಲ್ಟರ್). ತಂತ್ರಾಂಶ ಅಮೆರಿಕದ 60ಕ್ಕೆ ಹೊಂದಿಸಿ ಬಂದಿರಬಹುದು, ಬದಲಿಸಲು ಮರೆಯುವವರು ಬಹಳ.

ತರಬೇತಿಯ ಅವಧಿ

ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ಹಲ್ಲುಗಳ ನಡುವೆ ಸಣ್ಣ ಸಂದು, ಕಣ್ಣು ಮುಚ್ಚಿ. ಮೊದಲ 2 ನಿಮಿಷ ಸ್ವರ ಇಲ್ಲದೆ ಅಳತೆ. ಲೆಕ್ಕ ಸುಲಭ: ಬಲದ ಆಲ್ಫಾದಿಂದ ಎಡದ್ದನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿ. ಎಡ 9, ಬಲ 7 ಮೈಕ್ರೋವೋಲ್ಟ್ ಇದ್ದರೆ ಉತ್ತರ ಮೈನಸ್ 0.125. ಎಡ 8, ಬಲ 9 ಆದರೆ ಪ್ಲಸ್ 0.059. ಅಂಕಿ ಪ್ಲಸ್ ಕಡೆಗೆ ಸರಿಯಬೇಕು. ವಯಸ್ಸಾದವರಲ್ಲಿ ಆಲ್ಫಾ ಶಿಖರ 8.5 ಹರ್ಟ್ಜ್ ಆಸುಪಾಸು ಇಳಿದಿರಬಹುದು, ಆಗ ಅಳೆಯುವ 8ರಿಂದ 12 ಹರ್ಟ್ಜ್‌ನ ವ್ಯಾಪ್ತಿಯನ್ನೂ ತುಸು ಕೆಳಗಿಳಿಸಬೇಕು.

ಈ ಎಡ-ಬಲ ಅಂಕಿ ನೀವಿಟ್ಟ ಮಿತಿಯನ್ನು ದಾಟಿದಾಗ ಸ್ವರ ಕೇಳಿಸುತ್ತದೆ. ಆ ಎರಡು ನಿಮಿಷದ ಅಳತೆ ನೋಡಿ, ಸುಮಾರು 60ರಿಂದ 65 ಶೇಕಡಾ ಹೊತ್ತು ಸ್ವರ ಕೇಳುವ ಹಾಗೆ ಮಿತಿ ಇಡಿ. 90 ಶೇಕಡಾ ಕೇಳಿಸಿದರೆ ಕಲಿಯಲು ಏನೂ ಉಳಿಯದು, 40ಕ್ಕಿಂತ ಕಡಿಮೆಯಾದರೆ ಮೊದಲೇ ಕುಗ್ಗಿದ ಮನಸ್ಸು ‘ನನ್ನಿಂದ ಇದೂ ಆಗದು’ ಎಂದು ಮುದುಡುತ್ತದೆ. ತಂತ್ರಾಂಶದ ಸ್ವಯಂಚಾಲಿತ ಮಿತಿಯನ್ನು ಆಫ್ ಮಾಡಿಡಿ. ಅದು ನಿಮ್ಮ ಹಿಂದೆಯೇ ಓಡುತ್ತದೆ: ನೀವು ಹದಗೆಟ್ಟರೂ ಸ್ವರ ಅಷ್ಟೇ ಕೇಳಿಸುತ್ತದೆ, ಸುಧಾರಿಸಿದರೂ ಅಷ್ಟೇ. ಕಲಿಕೆ ನಿಲ್ಲುವುದು ಇಲ್ಲಿ, ಮತ್ತು ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಆಮೇಲೆ 7 ನಿಮಿಷದ ಮೂರು ಸುತ್ತು, ನಡುವೆ ಒಂದೊಂದು ನಿಮಿಷ ಬಿಡುವು, ಕೊನೆಗೆ ಮತ್ತೆ 2 ನಿಮಿಷ ಸ್ವರ ಇಲ್ಲದ ಅಳತೆ. ಸ್ವರವನ್ನು ಹಿಡಿಯಲು ಹೆಣಗಿದರೆ ಅದು ಜಾರುತ್ತದೆ. ಅದು ಬಂದಾಗ ಮೈಯಲ್ಲಿ, ಉಸಿರಲ್ಲಿ, ಯೋಚನೆಯಲ್ಲಿ ಏನಿತ್ತು ಎಂದು ಗಮನಿಸುವುದಷ್ಟೇ ಕೆಲಸ. ಹತ್ತನೆಯ ಅವಧಿಯ ನಂತರ ಕೊನೆಯ 5 ನಿಮಿಷ ಸ್ವರ ನಿಲ್ಲಿಸಿ, ಅದೇ ಸ್ಥಿತಿಯನ್ನು ತಾನಾಗಿ ತರಲು ಬಿಡಿ. ಮನೆಗೆ ಕೊಂಡೊಯ್ಯಲು ಸಾಧ್ಯವಿರುವುದು ಆ ಐದು ನಿಮಿಷದ ಅಭ್ಯಾಸ.

ತಲೆನೋವು, ಅತಿಯಾದ ದಣಿವು, ಸಿಡುಕು, ರಾತ್ರಿ ನಿದ್ದೆ ಕೆಡುವುದು ಇದ್ದರೆ ಮುಂದಿನ ಸಲ ಸುತ್ತುಗಳನ್ನು 4 ನಿಮಿಷಕ್ಕೆ ಇಳಿಸಿ. ಎರಡು ಅವಧಿಯಲ್ಲಿ ಸರಿಯಾಗದಿದ್ದರೆ ನಿಲ್ಲಿಸಿ ಪರಿಶೀಲಿಸಿ.

ಮಳೆಗಾಲದಲ್ಲೇ ಬರುವ ಎಡವಟ್ಟುಗಳು

ಅಲೆ ನಿಧಾನವಾಗಿ ಮೇಲೆ ಕೆಳಗೆ ತೇಲುತ್ತಿದ್ದರೆ ಅದು ಬೆವರು. ಸೆಕೆ ಬಿದ್ದ ಕೋಣೆಯಲ್ಲಿ ಹಣೆ ಒದ್ದೆಯಾಗುವ ಮೊದಲೇ ಎಸಿ ಹಾಕಿ. ಫ್ಯಾನಿನ ಗಾಳಿಗೆ ತಂತಿ ಅಲ್ಲಾಡಿದರೂ ಇಂಥದೇ ಅಲೆ ಬರುತ್ತದೆ, ತಂತಿಗಳನ್ನು ಜಡೆಯಂತೆ ಹೆಣೆದು ಹೆಗಲ ಬಟ್ಟೆಗೆ ಕ್ಲಿಪ್ ಹಾಕಿ. ದವಡೆ ಕಚ್ಚಿದರೆ 20 ಹರ್ಟ್ಜ್‌ನ ಮೇಲೆ ದಟ್ಟ ಗರಿಗಳಂತೆ ಕಾಣುತ್ತದೆ.

ಮೆಸ್ಕಾಂ ಕರೆಂಟು ಹೋಗಿ ಇನ್ವರ್ಟರ್‌ಗೆ ತಿರುಗಿದ ಕೂಡಲೇ ಗದ್ದಲ ಹೆಚ್ಚುವುದುಂಟು, ಅಗ್ಗದ ಇನ್ವರ್ಟರ್‌ಗಳ ಚೌಕ ಅಲೆಯನ್ನು ನಾಚ್ ಫಿಲ್ಟರ್ ಪೂರ್ತಿ ತಡೆಯದು. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ನಡೆಸಿ, ಚಾರ್ಜರ್ ಕಳಚಿಡಿ. ಇದು ಗದ್ದಲಕ್ಕಿಂತ ಸುರಕ್ಷತೆಯ ಮಾತು: ತಲೆಗೆ ತಂತಿ ಇರುವಾಗ ಗೋಡೆಯ ಪ್ಲಗ್‌ನೊಂದಿಗೆ ನೇರ ಸಂಬಂಧ ಇರಬಾರದು. ಗುಡುಗು ಸಿಡಿಲು ಶುರುವಾದರೆ ಅವಧಿ ಅಲ್ಲಿಗೇ ಮುಗಿಯಿತು.

ವಿದ್ಯುದ್ವಾರಗಳನ್ನು ಬೆಚ್ಚನೆ ನೀರಲ್ಲಿ ತೊಳೆದು, ಒರೆಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಜುಲೈಯಲ್ಲಿ ಹೊರಗಿಟ್ಟರೆ ಬೂಸಲು ಖಂಡಿತ.

ಬೆಳಕನ್ನು ಮೊದಲು ಸರಿಮಾಡಿ

ನಮ್ಮ ಸಲಹೆಯ ಕ್ರಮ: ಬೆಳಕು ಮೊದಲು, ಎರಡು ವಾರ ಬಿಟ್ಟು ನ್ಯೂರೋಫೀಡ್‌ಬ್ಯಾಕ್. ಎರಡನ್ನೂ ಒಂದೇ ದಿನ ಆರಂಭಿಸಿದರೆ ಯಾವುದರಿಂದ ಗುಣವಾಯಿತು ಎಂದು ಗೊತ್ತಾಗದು. ಬೆಳಕೊಂದರಲ್ಲೇ ಸರಿಯಾದರೆ ಇನ್ನೊಂದರ ಹಣ ಉಳಿಯಿತು.

ಬಿಸಿಲಿನ ದಿನ ಅಂಗಳದಲ್ಲಿ 50,000 ಲಕ್ಸ್ ದಾಟುತ್ತದೆ. ದಟ್ಟ ಮೋಡದ ದಿನ ಕೆಲವು ಸಾವಿರ. ಹಂಚಿನ ಮನೆಯ ಒಳಕೋಣೆಯಲ್ಲಿ ದೀಪ ಹಾಕಿದರೂ ನೂರಿನ್ನೂರು. ಅಂದರೆ ಮಳೆಯ ದಿನವೂ ಜಗಲಿಯ ಅಂಚು ಒಳಗಿಗಿಂತ ಎಷ್ಟೋ ಪಾಲು ಬೆಳಕಿನದು. ಬೆಳಗಿನ ಚಹಾ, ಪೇಪರು, ಫೋನು ಎಲ್ಲ ಅಲ್ಲಿಗೆ ಬರಲಿ. ಲೈಟ್ ಬಾಕ್ಸ್ ಬಳಸುವುದಾದರೆ 10,000 ಲಕ್ಸ್, ಅತಿನೇರಳೆ ಕಿರಣ ತಡೆಯುವಂಥದ್ದು. ಎದ್ದ ಒಂದು ಗಂಟೆಯೊಳಗೆ 30 ನಿಮಿಷ, ತಯಾರಕರು ಹೇಳಿದ ದೂರದಲ್ಲಿ, ಕಣ್ಣಿನ ಮಟ್ಟಕ್ಕಿಂತ ತುಸು ಮೇಲೆ. ದಿಟ್ಟಿಸಿ ನೋಡಬೇಕಾಗಿಲ್ಲ. ರೆಟಿನಾದ ತೊಂದರೆ ಇರುವವರು ಕಣ್ಣಿನ ವೈದ್ಯರನ್ನು ಕೇಳದೆ ಬಳಸಬಾರದು.

ಲೆಕ್ಕ ಇಡುವುದು, ನಿಲ್ಲಿಸುವುದು

ಒಂದು ನೋಟ್‌ಬುಕ್‌ನಲ್ಲಿ ದಿನಾ ನಾಲ್ಕು ಸಾಲು: ಮಲಗಿದ್ದು-ಎದ್ದದ್ದು, ಹೊರಗಿದ್ದ ನಿಮಿಷ, ಮನಸ್ಸಿಗೆ 10ರಲ್ಲಿ ಎಷ್ಟು ಅಂಕ, ಆ ದಿನ ಮಾಡಿದ ಒಂದು ಕೆಲಸ. ಎರಡು ವಾರಕ್ಕೊಮ್ಮೆ ಪಿಎಚ್‌ಕ್ಯೂ-9. ಮಳೆಯ ನಡುವೆ ಶುರು ಮಾಡಿದವರಲ್ಲಿ ಹತ್ತು-ಹನ್ನೆರಡು ಅವಧಿಯಾದರೂ 5 ಅಂಕ ಇಳಿಯದಿದ್ದರೆ ವಿಧಾನ ಬದಲಿಸಿ ಅಥವಾ ಬಿಡಿ. ಪರದೆಯ ಮೇಲೆ ಆಲ್ಫಾದ ಅಂಕಿ ಚೆಂದವಾಗಿದ್ದು ಬೆಳಿಗ್ಗೆ ಹಾಸಿಗೆ ಬಿಟ್ಟೇಳಲು ಆಗದಿದ್ದರೆ ನಂಬಬೇಕಾದ್ದು ಹಾಸಿಗೆಯನ್ನು.

ಮೇಯಲ್ಲೇ ಶುರು ಮಾಡಿದವರ ಲೆಕ್ಕ ಬೇರೆ. ಆಗ ಅಂಕ ಹೇಗೂ ಕಡಿಮೆ, ಇಳಿಯಲು ಜಾಗವೇ ಇರುವುದಿಲ್ಲ. ನೋಡಬೇಕಾದ್ದು ಆಟಿಯಲ್ಲಿ ಅದು ಎಷ್ಟು ಏರಿತು, ಕಳೆದ ವರ್ಷ ಎಷ್ಟು ಏರಿತ್ತು ಎಂಬುದು. ಕಳೆದ ವರ್ಷದ ದಾಖಲೆ ಇಲ್ಲದಿದ್ದರೆ ಮನೆಯವರನ್ನು ಕೂರಿಸಿ ನೆನಪಿನಿಂದ ಬರೆಸಿ. ನಮಗಿಂತ ಚೆನ್ನಾಗಿ ಅವರಿಗೆ ನೆನಪಿರುತ್ತದೆ. ಅಕ್ಟೋಬರಿನಲ್ಲಿ, ಮನಸ್ಸು ತಿಳಿಯಾಗಿರುವಾಗ, ಕೊನೆಯದೊಂದು ಅಳತೆ ಮಾಡಿಸಿ: ಎಫ್3, ಎಫ್4 ಅಂಕಿ, ತಲೆಯ ಅಳತೆ, ಇಟ್ಟ ಮಿತಿ, ಬಳಸಿದ ಹೋಲಿಕೆಯ ಜಾಗ. ಆ ಪುಟವನ್ನು ನೋಟ್‌ಬುಕ್‌ಗೆ ಅಂಟಿಸಿ, ಮುಂದಿನ ಮೇಯಲ್ಲಿ ಮೊದಲ ಅವಧಿಗೆ ಹೋಗುವಾಗ ಜೊತೆಗೆ ಒಯ್ಯಿರಿ.